ಹದಿನಾಲ್ಕನೇ ವಚನ, ಹದಿನೈದನೇ ವಚನ

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಪ್ರಿಂಟಿಂಗ್ ಪ್ರೆಸ್ ಇದೆ. ವರ್ಷವೆಲ್ಲ ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ. ಡಿಸೆಂಬರ್ ಬಂತೆಂದರೆ ಮಾತ್ರ ಬೇರೆ ಕೆಲಸ: ವಾಗ್ದಾನ ಕಾರ್ಡು. ಹೊಸ ವರ್ಷದ ಆರಾಧನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ವಾಕ್ಯ ಇರುವ ಕಾರ್ಡು ಕೊಡುತ್ತಾರಲ್ಲ, ಅದು. ಸುತ್ತಮುತ್ತಲ ಕ್ರೈಸ್ತ ಸಭೆಗಳವರು ವಾಕ್ಯಗಳ ಪಟ್ಟಿ ತಂದು ಕೊಡುತ್ತಾರೆ. ನಾನು ಹಿಂದೆ ಹೂವು, ಪಾರಿವಾಳ, ಸೂರ್ಯೋದಯ ಏನಾದರೊಂದು ಹಾಕಿ ಪ್ರಿಂಟ್ ಹೊಡೆದು ಕೊಡುತ್ತೇನೆ.

ಆ ಪಟ್ಟಿಯಲ್ಲಿ ತಪ್ಪದೆ ಬರುವ ವಾಕ್ಯ ಒಂದಿದೆ. ಬೈಬಲ್‌ನ ವಿಮೋಚನಕಾಂಡ 14:14. ಕರ್ತನು ನಿಮಗಾಗಿ ಯುದ್ಧ ಮಾಡುತ್ತಾನೆ, ನೀವು ಸುಮ್ಮನಿರಿ ಎಂಬ ಮಾತು. ಎಷ್ಟು ಹೊಡೆದಿದ್ದೇನೋ ಲೆಕ್ಕವಿಲ್ಲ. ಅದರ ಮರುವಚನ 14:15ನ್ನು ಮಾತ್ರ ಇವತ್ತಿನ ತನಕ ಒಬ್ಬರೂ ಆರ್ಡರ್ ಕೊಟ್ಟಿಲ್ಲ. ಅದರಲ್ಲಿ ದೇವರು ಮೋಶೆಗೆ ಹೇಳುವುದು ಇಷ್ಟೇ: ನನಗೇಕೆ ಮೊರೆ ಇಡುತ್ತಿದ್ದೀಯ? ಜನರಿಗೆ ಮುಂದಕ್ಕೆ ಹೊರಡಲು ಹೇಳು.

ಕಾರ್ಡಿನ ಮೇಲೆ ಅದು ಚೆನ್ನಾಗಿ ಕಾಣುವುದಿಲ್ಲ, ಒಪ್ಪುತ್ತೇನೆ. ಜನವರಿ ಒಂದನೇ ತಾರೀಕು ದೇವರಿಂದ ಬೈಸಿಕೊಳ್ಳಲು ಯಾರಿಗಿಷ್ಟ? ಆದರೆ ದೇವರನ್ನು ನಂಬಿದವನು ಎಷ್ಟು ನಂಬಿ ಕೂರಬೇಕು, ಎಷ್ಟು ಕೈಕಾಲು ಆಡಿಸಬೇಕು ಎಂಬ ಪ್ರಶ್ನೆ ಈ ಎರಡು ವಚನಗಳ ನಡುವೆಯೇ ಇದೆ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಐಗುಪ್ತದ, ಅಂದರೆ ಈಜಿಪ್ಟಿನ, ಗುಲಾಮಗಿರಿ ಬಿಟ್ಟು ಮೋಶೆಯ ಹಿಂದೆ ಹೊರಟ ಇಸ್ರಾಯೇಲ್ಯರ ಆವತ್ತಿನ ಸ್ಥಿತಿ ನೋಡಿ. ಮುಂದೆ ಕೆಂಪು ಸಮುದ್ರ, ಹಿಂದೆ ಅಲ್ಲಿನ ಅರಸ ಫರೋಹನ ರಥಗಳು. ಅತ್ತ ದರಿ, ಇತ್ತ ಪುಲಿ. ಜನ ಮೋಶೆಯ ಮೇಲೆ ಮುಗಿಬಿದ್ದರು. ಐಗುಪ್ತದಲ್ಲಿ ಸಮಾಧಿಗೆ ಜಾಗ ಇರಲಿಲ್ಲವೇ, ಸಾಯಿಸೋಕೆ ಇಲ್ಲಿಗೇ ಕರೆದುಕೊಂಡು ಬರಬೇಕಿತ್ತೇ ಎಂದು ಕೇಳಿದರು. ವಾಪಸ್ ಹೋಗಿ ಗುಲಾಮರಾಗಿರುವುದೇ ವಾಸಿ ಎಂದರು. ಆ ಗದ್ದಲಕ್ಕೆ ಮೋಶೆ ಕೊಟ್ಟ ಉತ್ತರ ಹದಿನಾಲ್ಕನೇ ವಚನ. ಅಲ್ಲಿರುವ ಹೀಬ್ರೂ ಕ್ರಿಯಾಪದಕ್ಕೆ ಮೌನವಾಗಿರು, ಬಾಯಿ ಮುಚ್ಚಿಕೊಂಡಿರು ಎಂಬ ಅರ್ಥ. ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅಳುವ ಮಗುವಿಗೆ ಅಮ್ಮ ‘ಸುಮ್ನಿರು’ ಅನ್ನುತ್ತಾಳೆ. ಅನ್ನುತ್ತಲೇ ಅದರ ಕಾಲಿಗೆ ಶೂ ತೊಡಿಸಿ ಸ್ಕೂಲಿಗೆ ಹೊರಡಿಸುತ್ತಾಳೆ. ಸುಮ್ಮನಾಗಬೇಕಾದ್ದು ಅಳು, ಕಾಲಲ್ಲ.

ಹಾಗಾಗಿ ಎರಡು ವಚನಗಳ ನಡುವೆ ಜಗಳವಿಲ್ಲ. ಮೊದಲನೆಯದು ಹೆದರಿಕೆಗೆ ಹೇಳಿದ್ದು. ಎರಡನೆಯದು ಕಾಲಿಗೆ ಹೇಳಿದ್ದು. ಆಮೇಲೆ ಮೋಶೆ ಕೋಲು ಹಿಡಿದು ಕೈ ಚಾಚಿದ. ದೇವರು ರಾತ್ರಿಯೆಲ್ಲ ಮೂಡಣ ಗಾಳಿ ಬೀಸಿಸಿದ. ಜನ ತಮ್ಮ ಕಾಲಲ್ಲೇ ನಡೆದರು, ಮಕ್ಕಳನ್ನು ಎತ್ತಿಕೊಂಡು, ಕುರಿ ದನ ಹೊಡೆದುಕೊಂಡು. ದೇವರು ಯಾರನ್ನೂ ಎತ್ತಿ ಆಚೆ ದಡದಲ್ಲಿ ಇಡಲಿಲ್ಲ.

ಇಲ್ಲಿಂದ ನಮ್ಮಲ್ಲಿ ಬಹಳ ಜನ ಒಂದು ಲೆಕ್ಕಕ್ಕೆ ಬೀಳುತ್ತೇವೆ. ಪಾಲಿನ ಲೆಕ್ಕ. ಹೊಲವನ್ನು ಕೋರಿಗೆ ಕೊಟ್ಟು ಬೆಳೆ ಹಂಚಿಕೊಂಡ ಹಾಗೆ, ಇಷ್ಟು ನನ್ನ ಪಾಲು, ಉಳಿದದ್ದು ದೇವರ ಪಾಲು. ನಾನು ನನ್ನ ಅರ್ಧ ಮಾಡಿದರೆ ದೇವರು ಆತನ ಅರ್ಧ ಮಾಡುತ್ತಾನೆ. ಕೇಳಲು ಸರಿಯಾಗೇ ಇದೆ. ‘ತನಗೆ ತಾನು ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆ ಅಂತ ಬೈಬಲ್‌ನಲ್ಲೇ ಇದೆಯಲ್ಲ’ ಎಂದು ನನಗೆ ಹೇಳಿದವರೂ ಇದ್ದಾರೆ. ಬೈಬಲ್‌ನಲ್ಲಿ ಎಲ್ಲೂ ಇಲ್ಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1736ರ ತನ್ನ ಪಂಚಾಂಗದಲ್ಲಿ ಹಾಕಿದ ಮೇಲೆ ಅದು ಊರೂರಿಗೆ ಹಬ್ಬಿತು. ಅದಕ್ಕಿಂತ ಬಹಳ ಹಿಂದೆಯೇ, ಗಾಡಿಯ ಚಕ್ರ ಕೆಸರಲ್ಲಿ ಹೂತುಹೋದ ಗಾಡಿಯವನ ಈಸೋಪನ ಕತೆಯಲ್ಲೂ ಇದೇ ಮಾತಿದೆ. ಸತ್ಯವೇದದಲ್ಲಿ ಹೆಚ್ಚಾಗಿ ಇದರ ಉಲ್ಟಾ ಕಾಣುತ್ತದೆ: ತನಗೆ ತಾನು ಏನೂ ಮಾಡಿಕೊಳ್ಳಲಾಗದವನ ಹತ್ತಿರವೇ ದೇವರು ಹೋಗುತ್ತಾನೆ.

ಇನ್ನೊಂದು ಮಾತೂ ಓಡಾಡುತ್ತದೆ. ಎಲ್ಲವೂ ದೇವರ ಮೇಲೆ ನಿಂತಿದೆ ಎಂಬಂತೆ ಪ್ರಾರ್ಥಿಸು, ಎಲ್ಲವೂ ನಿನ್ನ ಮೇಲೆ ನಿಂತಿದೆ ಎಂಬಂತೆ ದುಡಿ. ಜೆಸ್ವಿಟ್ ಎಂಬ ಕ್ಯಾಥೊಲಿಕ್ ಗುರುಗಳ ಸಂಘ ಸ್ಥಾಪಿಸಿದ ಸಂತ ಇಗ್ನೇಷಿಯಸ್ ಹೇಳಿದ್ದು ಅನ್ನುತ್ತಾರೆ. ಅವರ ಬರಹಗಳಲ್ಲಿ ಅದು ಸಿಗುವುದಿಲ್ಲ. ಹಂಗೇರಿಯ ಜೆಸ್ವಿಟ್ ಗುರು ಗಾಬ್ರಿಯೆಲ್ ಹೆವೆನೆಸಿ 1705ರಲ್ಲಿ ಇಗ್ನೇಷಿಯಸ್ ಹೆಸರಲ್ಲಿ ಅಚ್ಚು ಹಾಕಿಸಿದ ಮಾತು ತಿರುಗಾಮುರುಗ ಇದೆ. ಎಲ್ಲವೂ ನಿನ್ನಿಂದಲೇ ಆಗಬೇಕು ಎಂಬಂತೆ ದೇವರನ್ನು ನಂಬು, ಎಲ್ಲವನ್ನೂ ದೇವರೊಬ್ಬನೇ ಮಾಡುತ್ತಾನೆ ಎಂಬಂತೆ ಕೆಲಸಕ್ಕೆ ಕೈ ಹಾಕು, ಇದು ಅದರ ತಿರುಳು. ಮೊದಲ ಸಲ ಓದಿದಾಗ ಕಂಪೋಸ್ ಮಾಡಿದವನೇ ತಪ್ಪಿದ್ದಾನೆ ಅಂದುಕೊಂಡೆ. ನಮ್ಮ ಕಸುಬಿನ ಬುದ್ಧಿ. ಎರಡನೇ ಸಲ ಓದಿದಾಗ ಅರ್ಥವಾಯಿತು. ಜನ ಹೇಳುವ ರೂಪದಲ್ಲಿ ಪ್ರಾರ್ಥನೆ ಒಂದು ಕಡೆ, ದುಡಿಮೆ ಇನ್ನೊಂದು ಕಡೆ. ಹಳೆಯದರಲ್ಲಿ ನಂಬುವಾಗಲೇ ತೋಳೇರಿಸಿ ಕೆಲಸಕ್ಕಿಳಿಯುತ್ತೀಯ, ದುಡಿಯುವಾಗಲೇ ಹಗುರಾಗಿರುತ್ತೀಯ.

ಅಪೊಸ್ತಲ ಪೌಲ ಫಿಲಿಪ್ಪಿಯ ಸಭೆಯವರಿಗೆ ಬರೆದದ್ದೂ ಇದೇ ಜಾಡಿನದು. ಎರಡನೇ ಅಧ್ಯಾಯದ 12ನೇ ವಚನದಲ್ಲಿ ನಿಮ್ಮ ರಕ್ಷಣೆಯನ್ನು ಭಯಭಕ್ತಿಯಿಂದ ಸಾಧಿಸಿಕೊಳ್ಳಿ ಅನ್ನುತ್ತಾನೆ. ಹದಿಮೂರನೆಯದರಲ್ಲಿ, ಯಾಕಂದರೆ ನಿಮ್ಮೊಳಗೆ ಕೆಲಸ ಮಾಡುತ್ತಿರುವವನು ದೇವರೇ ಅನ್ನುತ್ತಾನೆ. ಆ ‘ಯಾಕಂದರೆ’ ನೋಡಿ. ದೇವರು ಮಾಡುತ್ತಿದ್ದಾನೆ, ಆದ್ದರಿಂದ ನೀನು ಮಾಡು. ಪಾಲಿನ ಲೆಕ್ಕದಲ್ಲಿ ಒಬ್ಬ ಜಾಸ್ತಿ ಮಾಡಿದರೆ ಇನ್ನೊಬ್ಬನದು ಕಡಿಮೆಯಾಗಬೇಕು. ಇಲ್ಲಿ ಹಾಗಾಗುವುದಿಲ್ಲ.

ದೋಸೆ ಹಿಟ್ಟು ತೆಗೆದುಕೊಳ್ಳಿ, ದಾವಣಗೆರೆಯವನು ಬೇರೆ ಏನು ಹೇಳಿಯಾನು. ಅಕ್ಕಿ, ಉದ್ದು ನೆನೆಹಾಕಬೇಕು. ನಮ್ಮ ಕಡೆ ಒಂದಿಷ್ಟು ಮಂಡಕ್ಕಿಯೂ ಬೀಳುತ್ತದೆ. ರುಬ್ಬಬೇಕು, ಪಾತ್ರೆಗೆ ಸುರಿದು ಮುಚ್ಚಿಡಬೇಕು. ಆಮೇಲೆ ಮಲಗಬೇಕು. ಹಿಟ್ಟು ಹುದುಗುವುದು ನಿಮ್ಮ ಕೈಲಿಲ್ಲ. ರಾತ್ರಿ ನಾಲ್ಕು ಸಲ ಎದ್ದು ಮುಚ್ಚಳ ತೆಗೆದು ನೋಡಿದರೆ ಬೇಗ ಉಬ್ಬುವುದಿಲ್ಲ. ಹಾಗಂತ ರುಬ್ಬದೆ ಮಲಗಿದರೆ ಬೆಳಗ್ಗೆ ಪಾತ್ರೆಯಲ್ಲಿ ನೆನೆದ ಅಕ್ಕಿ ಇರುತ್ತದೆ, ಅಷ್ಟೇ. ಮಾರ್ಕನ ನಾಲ್ಕನೇ ಅಧ್ಯಾಯದಲ್ಲಿ ಯೇಸು ಹೇಳಿದ ಬೀಜದ ಸಾಮ್ಯವೂ ಹೀಗೇ ಇದೆ. ರೈತ ಬಿತ್ತುತ್ತಾನೆ, ಮಲಗುತ್ತಾನೆ, ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ, ಹೇಗೆಂದು ಅವನಿಗೇ ಗೊತ್ತಿಲ್ಲ. ಪೌಲನೂ ಕೊರಿಂಥದವರಿಗೆ, ನಾನು ನೆಟ್ಟೆ, ಅಪೊಲ್ಲೋಸ ನೀರು ಹಾಕಿದ, ಬೆಳೆಸಿದವನು ದೇವರು ಎಂದು ಬರೆದ.

ಹಾಗಾದರೆ ದೇವರಿಗೆ ನಮ್ಮ ಕೈ ಯಾಕೆ ಬೇಕು ಎಂದು ಕೇಳಬಹುದು. 13ನೇ ಶತಮಾನದ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಕೊಟ್ಟ ಉತ್ತರ ನನಗಿಷ್ಟ. ದೇವರಿಗೆ ಶಕ್ತಿ ಸಾಲದೆ ಅಲ್ಲ, ತಾನು ಸೃಷ್ಟಿಸಿದವರಿಗೂ ಒಂದು ಕೆಲಸಕ್ಕೆ ಕಾರಣವಾಗುವ ಗೌರವ ಇರಲಿ ಎಂದು. ಅಜ್ಜಿ ರೊಟ್ಟಿ ತಟ್ಟುವಾಗ ಪಕ್ಕದಲ್ಲಿ ಕೂತ ಮೊಮ್ಮಗಳಿಗೂ ಒಂದು ಉಂಡೆ ಕೊಡುತ್ತಾಳಲ್ಲ, ಹಾಗೆ.

ಈ ವಿಷಯಕ್ಕೆ ಸತ್ಯವೇದದಲ್ಲಿ ಎಲ್ಲಕ್ಕಿಂತ ಒಳ್ಳೆಯ ಕತೆ ಯಾವುದೆಂದರೆ ನಾನು ಅಪೊಸ್ತಲರ ಕೃತ್ಯಗಳ 27ನೇ ಅಧ್ಯಾಯ ಹೇಳುತ್ತೇನೆ. ಪ್ರಸಂಗಗಳಲ್ಲಿ ಕೇಳುವುದು ಕಡಿಮೆ. ಪೌಲ ಕೈದಿ. ರೋಮ್‌ಗೆ ಸಾಗಿಸುತ್ತಿದ್ದಾರೆ. ಅಲೆಕ್ಸಾಂದ್ರಿಯದ ಗೋಧಿ ಹಡಗು, ಒಟ್ಟು 276 ಜನ. ಚಳಿಗಾಲ ಹತ್ತಿರ ಬಂದಿದೆ, ಈಗ ಹೊರಟರೆ ನಷ್ಟವಾಗುತ್ತದೆ ಎಂದು ಪೌಲ ಮೊದಲೇ ಹೇಳಿದ್ದ. ಅವನಿಗೆ ಸಮುದ್ರ ಹೊಸದಲ್ಲ. ಯಾರೂ ಕೇಳಲಿಲ್ಲ. ಬಿರುಗಾಳಿ ಹಿಡಿಯಿತು. ದಿನಗಟ್ಟಲೆ ಸೂರ್ಯನಿಲ್ಲ, ನಕ್ಷತ್ರವಿಲ್ಲ. ಆಗ ಒಂದು ರಾತ್ರಿ ದೇವದೂತ ಬಂದು ಪೌಲನಿಗೆ ಮಾತು ಕೊಟ್ಟ: ಹಡಗು ಹೋಗುತ್ತದೆ, ಆದರೆ ಒಂದು ಜೀವವೂ ಹೋಗುವುದಿಲ್ಲ.

ಇಲ್ಲಿ ನಿಲ್ಲಿ. ದೇವರು ಮಾತು ಕೊಟ್ಟಾಯಿತು. ಇನ್ನೇನು, ಪೌಲ ಒಂದು ಮೂಲೆಯಲ್ಲಿ ಕೂತು ಸ್ತೋತ್ರ ಹಾಡಬಹುದಿತ್ತು ಅಲ್ವಾ?

ಹದಿನಾಲ್ಕನೇ ರಾತ್ರಿ ದಡ ಹತ್ತಿರ ಬಂದಂತೆ ಕಂಡಿತು. ನಾವಿಕರು ನೂಲು ಇಳಿಬಿಟ್ಟು ಅಳೆದರು. ಇಪ್ಪತ್ತು ಮಾರು. ಇನ್ನು ಸ್ವಲ್ಪ ಮುಂದೆ ಹದಿನೈದು ಮಾರು. ಬಂಡೆಗೆ ಬಡಿಯುವ ಹೆದರಿಕೆಯಿಂದ ನಾಲ್ಕು ಲಂಗರು ಇಳಿಸಿ ಬೆಳಗಾಗುವುದನ್ನು ಕಾದರು. ಅಷ್ಟರಲ್ಲಿ ನಾವಿಕರೇ ಒಂದು ಕಿತಾಪತಿ ಮಾಡಿದರು. ಮುಂದಿನ ಕಡೆ ಲಂಗರು ಹಾಕುತ್ತೇವೆ ಎಂದು ನೆಪ ಹೇಳಿ, ಚಿಕ್ಕ ದೋಣಿ ಇಳಿಸಿ ಓಡಿಹೋಗಲು ನೋಡಿದರು. ಪೌಲ ಅದನ್ನು ಕಂಡುಹಿಡಿದು ಕೈದಿಗಳ ಕಾವಲಿನ ಸೇನಾಧಿಕಾರಿ ಶತಾಧಿಪತಿಗೆ ಹೇಳಿದ ಮಾತು ಕೇಳಿ: ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕುವುದಿಲ್ಲ.

ಎಲ್ಲರೂ ಉಳಿಯುತ್ತಾರೆ ಎಂದು ದೇವರು ಹೇಳಿದ್ದನ್ನು ತಾನೇ ಎಲ್ಲರಿಗೂ ಸಾರಿದವನು ಈಗ ‘ಇವರು ಇರದಿದ್ದರೆ ಉಳಿಯಲ್ಲ’ ಅನ್ನುತ್ತಿದ್ದಾನೆ. ಪೌಲನಿಗೆ ಇದು ವಿರೋಧ ಎಂದು ಅನಿಸಲೇ ಇಲ್ಲ. ದೇವರ ಮಾತು ನೆರವೇರುವುದು ಹಡಗು ನಡೆಸಲು ಬರುವ ಈ ನಾವಿಕರ ಕೈಯಿಂದಲೇ ಎಂದು ಅವನಿಗೆ ಗೊತ್ತಿತ್ತು. ಸಿಪಾಯಿಗಳು ದೋಣಿಯ ಹಗ್ಗ ಕತ್ತರಿಸಿದರು. ಬೆಳಗಿನ ಜಾವ ಪೌಲ ಎಲ್ಲರಿಗೂ ಊಟ ಮಾಡಿ ಎಂದು ಒತ್ತಾಯ ಮಾಡಿದ, ಈಜಲು ಶಕ್ತಿ ಬೇಕಲ್ಲ. ತಾನೇ ರೊಟ್ಟಿ ಮುರಿದು ತಿಂದ. ಗೋಧಿಯನ್ನು ಸಮುದ್ರಕ್ಕೆ ಸುರಿದು ಹಡಗು ಹಗುರ ಮಾಡಿದರು. ಕೊನೆಗೆ ಹಡಗು ಮರಳಿಗೆ ಸಿಕ್ಕಿ ಒಡೆಯಿತು. ಈಜು ಬರುವವರು ಈಜಿದರು, ಬಾರದವರು ಹಲಗೆ ಹಿಡಿದರು. 276 ಜನವೂ ಮೆಲೀತೆ ದ್ವೀಪದ ದಡ ಸೇರಿದರು, ಈಗಿನ ಮಾಲ್ಟಾ. ವಾಗ್ದಾನ ಅಕ್ಷರಶಃ ನೆರವೇರಿತು. ಎಲ್ಲರೂ ಒದ್ದೆಯಾಗಿದ್ದರು.

ಈ ದಾರಿ ತಪ್ಪುವುದು ಎರಡು ಕಡೆಗೆ. ಒಂದು ಕಡೆ ಎಲ್ಲರಿಗೂ ಗೊತ್ತಿರುವ ಸೋಮಾರಿತನ. ನಮ್ಮ ಬೀದಿಯ ಒಬ್ಬ ಹುಡುಗ ಡಿಪ್ಲೊಮಾ ಮುಗಿಸಿ ಒಂದು ವರ್ಷ ಮನೆಯಲ್ಲೇ ಕೂತಿದ್ದ. ಕೇಳಿದರೆ, ‘ದೇವರು ಬಾಗಿಲು ತೆರೀತಾನೆ ಅಂಕಲ್’ ಅನ್ನುತ್ತಿದ್ದ. ಅವನ ಅಪ್ಪ ಆಟೋ ಓಡಿಸುವವರು. ಒಂದು ದಿನ ಮನೆ ಪ್ರಾರ್ಥನೆ ಮುಗಿದು ಟೀ ಕುಡಿಯುವಾಗ ಎಲ್ಲರ ಮುಂದೆಯೇ, ‘ತೆರೀತಾನಪ್ಪ, ಯಾರು ಬೇಡ ಅಂದ್ರು. ತಟ್ಟೋಕಾದ್ರೂ ಎದ್ದು ಹೋಗು’ ಅಂದರು. ತಟ್ಟಿರಿ, ತೆರೆಯಲ್ಪಡುವುದು ಎಂಬ ವಾಕ್ಯಕ್ಕೆ ಇದಕ್ಕಿಂತ ಚಿಕ್ಕ ಪ್ರಸಂಗ ನಾನು ಕೇಳಿಲ್ಲ.

ಇದು ಹೊಸ ರೋಗವೂ ಅಲ್ಲ. ಯೇಸು ಬೇಗ ಬರುತ್ತಾನೆ ಎಂದು ಥೆಸಲೋನಿಕದಲ್ಲಿ ಕೆಲವರು ದುಡಿಮೆ ಬಿಟ್ಟು ಅವರಿವರ ಮನೆ ಸುತ್ತುತ್ತಿದ್ದಾಗ ಪೌಲ, ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದು ಎಂದು ಕಡ್ಡಿ ಮುರಿದಂತೆ ಬರೆದ. ಸುಮಾರು 400ನೇ ಇಸವಿಯಲ್ಲಿ ಉತ್ತರ ಆಫ್ರಿಕದ ಕಾರ್ಥೇಜ್‌ನಲ್ಲಿ ಕೆಲವು ಸನ್ಯಾಸಿಗಳು, ಆಕಾಶದ ಪಕ್ಷಿಗಳು ಬಿತ್ತುವುದಿಲ್ಲ ಕೊಯ್ಯುವುದಿಲ್ಲ, ನಾವೂ ಮಾಡುವುದಿಲ್ಲ ಎಂದು ಕೂತರು. ಅವರಿಗೆ ಬಿಷಪ್ ಅಗಸ್ಟಿನ್ ಉತ್ತರ ಬರೆದ. ಪಕ್ಷಿಗಳು ನಾಳೆಗೆಂದು ಕೂಡಿಡುವುದಿಲ್ಲ, ನೀವು ಮಾತ್ರ ಉಗ್ರಾಣ ಯಾಕೆ ಇಟ್ಟುಕೊಂಡಿದ್ದೀರಿ ಎಂಬ ಧಾಟಿಯಲ್ಲಿ ಅವರ ಮಾತನ್ನೇ ಅವರಿಗೆ ತಿರುಗಿಸಿದ. ನಮ್ಮ ಹಿರಿಯರು ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ’ ಅನ್ನುತ್ತಾರೆ. ಅದು ಧೈರ್ಯಕ್ಕೆ ಹೇಳುವ ಮಾತು. ಯೇಸು ಹಕ್ಕಿಗಳನ್ನು ತೋರಿಸಿದ್ದೂ ಧೈರ್ಯಕ್ಕೇ. ಚಿಂತೆ ಬಿಡಿ ಎಂದನೇ ಹೊರತು ಕೆಲಸ ಬಿಡಿ ಅನ್ನಲಿಲ್ಲ. ಗುಬ್ಬಿ ಬೆಳಗಾದರೆ ಗೂಡಲ್ಲಿ ಬಾಯಿ ತೆರೆದು ಕೂರುವುದಿಲ್ಲ.

ಇದೇ ಕಡೆಯಲ್ಲಿ ಸೋಮಾರಿತನಕ್ಕಿಂತ ಅಪಾಯದ್ದು ಇನ್ನೊಂದಿದೆ, ಅದು ಭಕ್ತಿಯ ಬಟ್ಟೆ ಹಾಕಿಕೊಂಡು ಬರುತ್ತದೆ. ಚಿತ್ರದುರ್ಗದಲ್ಲಿರುವ ನಮ್ಮ ದೊಡ್ಡಮ್ಮನಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ಸಲ ಯಾವುದೋ ಪ್ರಾರ್ಥನಾ ಕೂಟಕ್ಕೆ ಹೋಗಿ ಬಂದವರು ಮಾತ್ರೆ ನಿಲ್ಲಿಸಿಬಿಟ್ಟರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮೂರನೇ ವಾರ ತಲೆ ತಿರುಗಿ ಬಚ್ಚಲಲ್ಲಿ ಬಿದ್ದರು. ಆಸ್ಪತ್ರೆಯಲ್ಲಿ ನಾಲ್ಕು ದಿನ. ನಾನು ಪಕ್ಕದಲ್ಲಿ ಕೂತಿದ್ದಾಗ ಮೆಲ್ಲಗೆ ಹೇಳಿದರು: ‘ನಂಬಿಕೆಯಿಂದ ಬಿಟ್ಟೆ ಅಂದ್ಕೋಬೇಡ ಕಣಪ್ಪ. ಮಾತ್ರೆ ನುಂಗಿದ್ರೆ ಇವಳಿಗೆ ನಂಬಿಕೆ ಇಲ್ಲ ಅಂತಾರೇನೋ ಅಂತ ಹೆದ್ರಿಕೊಂಡು ಬಿಟ್ಟೆ.’

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಹೊರಗಿನಿಂದ ದೊಡ್ಡ ನಂಬಿಕೆಯ ಹಾಗೆ ಕಂಡದ್ದು ಒಳಗೆ ಜನರ ಹೆದರಿಕೆಯಾಗಿತ್ತು. ಸತ್ಯವೇದ ಔಷಧಿಗೆ ಎದುರಾಗಿಲ್ಲ. ಹಿಜ್ಕೀಯ ರಾಜ ಸಾಯುವ ಹಾಗಿದ್ದಾಗ ಪ್ರಾರ್ಥಿಸಿದ, ದೇವರು ಅವನ ಆಯುಸ್ಸಿಗೆ 15 ವರ್ಷ ಸೇರಿಸಿದ. ಅದಾದ ಮೇಲೂ ಪ್ರವಾದಿ ಯೆಶಾಯ, ಅಂಜೂರದ ಮುದ್ದೆ ಮಾಡಿ ಹುಣ್ಣಿಗೆ ಕಟ್ಟಿ ಎಂದ. ಪೌಲನ ಜೊತೆಗಾರ ಲೂಕ ವೈದ್ಯ. ಸೈತಾನನು ಯೇಸುವನ್ನು ದೇವಾಲಯದ ತುದಿಗೆ ಹತ್ತಿಸಿ, ಹಾರು, ದೂತರು ಕೈಯಲ್ಲಿ ಹಿಡಿಯುತ್ತಾರೆಂದು ಬರೆದಿದೆಯಲ್ಲ ಎಂದದ್ದು ನೆನಪಿರಲಿ. ಅವನು ಹೇಳಿದ್ದೂ ವಾಗ್ದಾನ ವಾಕ್ಯವೇ, 91ನೇ ಕೀರ್ತನೆಯದು. ಯೇಸು ಹಾರಲಿಲ್ಲ. ನಿನ್ನ ದೇವರನ್ನು ಪರೀಕ್ಷಿಸಬಾರದು ಎಂದ. ಇಳಿಯಲು ಮೆಟ್ಟಿಲು ಇರುವ ಕಡೆ ಹಾರುವುದು ನಂಬಿಕೆಯಲ್ಲ.

ದೊಡ್ಡಮ್ಮ ಈಗ ಮಾತ್ರೆ ಅಂಗೈಯಲ್ಲಿ ಇಟ್ಟುಕೊಂಡು ಸ್ತೋತ್ರ ಹೇಳಿ ನುಂಗುತ್ತಾರೆ.

ಇನ್ನೊಂದು ಕಡೆಯ ತಪ್ಪು ನನ್ನದೇ, ಅದರ ಬಗ್ಗೆ ಹೇಳಲು ಸ್ವಲ್ಪ ನಾಚಿಕೆ. ಅದಕ್ಕೆ ಮೊದಲು ದುರ್ಗದ ಕೋಟೆಗೆ ಒಂದು ಸುತ್ತು ಹೋಗಿ ಬರೋಣ. ಚಿತ್ರದುರ್ಗ ಎಂದ ಮೇಲೆ ಒನಕೆ ಓಬವ್ವ ಬರಬೇಕು, ಆದರೆ ಇವತ್ತು ಹೊಂಡಗಳ ಮಾತು. ಬಂಡೆಗಳ ಮೇಲೆ ಬಿದ್ದ ಮಳೆ ನೀರು ಗೋಪಾಲಸ್ವಾಮಿ ಹೊಂಡ ಸೇರುತ್ತದೆ. ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಮಳೆ ಕಡಿಮೆ ಇರುವ ಈ ಕಲ್ಲು ನಾಡಲ್ಲಿ ಒಂದು ಹನಿಯೂ ಪೋಲಾಗಬಾರದು ಎಂದು ಮಾಡಿದ ಏರ್ಪಾಟು.

ಯೆರೂಸಲೇಮಿನಲ್ಲೂ ಇಂಥದ್ದೇ ನಡೆಯಿತು. ಕ್ರಿಸ್ತಪೂರ್ವ 701ರ ಸುಮಾರಿಗೆ ಅಶ್ಶೂರದ ಸನ್ಹೇರೀಬ ದಂಡೆತ್ತಿ ಬಂದಾಗ ಇದೇ ಹಿಜ್ಕೀಯ ಊರ ಹೊರಗಿನ ಬುಗ್ಗೆಗಳನ್ನು ಮುಚ್ಚಿಸಿದ, ನೀರನ್ನು ಕೋಟೆಯೊಳಗೆ ತಿರುಗಿಸಿದ. ಆ ಸುರಂಗ ಇವತ್ತಿಗೂ ಇದೆ. ಸುಮಾರು 533 ಮೀಟರ್ ಉದ್ದ. ಎರಡು ತುದಿಯಿಂದ ಬಂಡೆ ಕಡಿಯುತ್ತ ಬಂದು ನಡುವೆ ಕೂಡಿಕೊಂಡರು ಎಂದು ಬರೆದ ಶಾಸನ 1880ರಲ್ಲಿ ಸಿಕ್ಕಿತು. ಸತ್ಯವೇದದ ಪೂರ್ವಕಾಲವೃತ್ತಾಂತ ಈ ಕೆಲಸವನ್ನು ಹೊಗಳುತ್ತದೆ. ಆದರೆ ಯೆಶಾಯನ 22ನೇ ಅಧ್ಯಾಯ ತೆಗೆಯಿರಿ. ಅದೇ ತಯಾರಿಯ ಮಾತೆಂದೇ ಬಹಳ ಪಂಡಿತರು ಓದುವ ಸಾಲುಗಳಲ್ಲಿ ಪ್ರವಾದಿ ಊರಿನವರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಗೋಡೆ ಗಟ್ಟಿ ಮಾಡಲು ಮನೆ ಕೆಡವಿದಿರಿ, ಎರಡು ಗೋಡೆಗಳ ನಡುವೆ ಕೊಳ ಕಟ್ಟಿದಿರಿ, ಇದನ್ನೆಲ್ಲ ಮಾಡಿದಾತನ ಕಡೆ ಮಾತ್ರ ಕಣ್ಣೆತ್ತಿ ನೋಡಲಿಲ್ಲ. ಕೊಳ ಕಟ್ಟಿದ್ದು ತಪ್ಪೆಂದು ಅವನು ಎಲ್ಲೂ ಹೇಳುವುದಿಲ್ಲ. ನೀರು ತುಂಬಿದ ಮೇಲೆ ಇನ್ನು ಸಾಕು ಎಂದು ಎದೆ ಹಗುರ ಮಾಡಿಕೊಂಡದ್ದೇ ತಪ್ಪು. ಹಿಜ್ಕೀಯ ಸ್ವತಃ ಶತ್ರುವಿನ ಬೆದರಿಕೆ ಪತ್ರವನ್ನು ದೇವಾಲಯಕ್ಕೆ ಒಯ್ದು ದೇವರ ಮುಂದೆ ಬಿಡಿಸಿಟ್ಟ. ಕೊಳ ಒಂದೇ. ಅದರ ದಡದಲ್ಲಿ ನಿಂತವರು ಎರಡು ಥರ.

ನಾನು ಹಿಜ್ಕೀಯನ ಥರ ಅಲ್ಲ, ಆ ಊರಿನವರ ಥರದವನಾಗಿದ್ದೆ. ಕೆಲವು ವರ್ಷದ ಹಿಂದೆ ಸಾಲ ಮಾಡಿ ಒಂದು ಹಳೆಯ ಆಫ್‌ಸೆಟ್ ಮಷಿನ್ ತಂದೆ. ಪ್ರಾರ್ಥನೆ ಮಾಡಲಿಲ್ಲ ಅಂತಲ್ಲ. ಮಾಡಿದೆ, ಸಾಲ ಮಂಜೂರಾಗಲಿ ಅಂತ. ತೆಗೆದುಕೊಳ್ಳಲೋ ಬೇಡವೋ ಅಂತ ಕೇಳಲಿಲ್ಲ. ಆಮೇಲೆ ಕಂತು ಕಟ್ಟುವ ಓಟ. ಭಾನುವಾರ ಬೆಳಗ್ಗೆಯೂ ಶಟರ್ ಎತ್ತಿದೆ. ರಾತ್ರಿ ಎರಡಕ್ಕೆ ಎಚ್ಚರವಾಗಿ ಯಾರು ಯಾರು ದುಡ್ಡು ಕೊಡಬೇಕು ಅಂತ ಲೆಕ್ಕ ಹಾಕುತ್ತ ಮಲಗಿರುತ್ತಿದ್ದೆ. ಕೆಲಸ ಜಾಸ್ತಿಯಾಗಿದ್ದು ನನ್ನ ತಪ್ಪಲ್ಲ. ಆ ಮಷಿನ್ ನಿಂತರೆ ನಾನೇ ನಿಂತೆ ಅನ್ನುವ ಹಾಗೆ ಬದುಕಿದೆನಲ್ಲ, ಅದು. 127ನೇ ಕೀರ್ತನೆ, ಕರ್ತನು ಮನೆ ಕಟ್ಟದಿದ್ದರೆ ಕಟ್ಟುವವರು ಪಡುವ ಪಾಡು ವ್ಯರ್ಥ ಎಂದು ಶುರುವಾಗಿ, ಮರು ಸಾಲಲ್ಲೇ ನಿದ್ದೆಯ ಮಾತು ಎತ್ತುತ್ತದೆ. ಆ ವಚನವನ್ನು ಆ ವರ್ಷವೂ ನಾನೇ ಕಾರ್ಡಿನ ಮೇಲೆ ಹೊಡೆದಿದ್ದೆ, ಭಾನುವಾರವೇ ಇರಬೇಕು.

ಒಂದು ಮಾತನ್ನು ಇಲ್ಲೇ ಬಿಡಿಸಿ ಇಡಬೇಕು. ಇಷ್ಟು ಹೊತ್ತು ಹೇಳಿದ್ದು ದಿನದ ಬದುಕಿನ ಕೆಲಸದ ಬಗ್ಗೆ. ಪಾಪಕ್ಷಮೆ, ರಕ್ಷಣೆ ನಮ್ಮ ಕೆಲಸಕ್ಕೆ ಸಿಗುವ ಕೂಲಿಯಲ್ಲ. ಅದು ಕೃಪೆಯಿಂದ ಬರುವ ವರ ಎಂದು ಎಫೆಸದವರಿಗೆ ಬರೆದ ಪತ್ರ ಹೇಳುತ್ತದೆ. ಮರು ವಚನದಲ್ಲೇ ಒಳ್ಳೆಯ ಕೆಲಸಗಳಿಗಾಗಿ ಸೃಷ್ಟಿಯಾದವರು ಎಂದೂ ಹೇಳುತ್ತದೆ. ಈ ವಿಷಯಕ್ಕೆ ಸಭೆಗಳು ಶತಮಾನಗಟ್ಟಲೆ ಜಗಳವಾಡಿವೆ. 1999ರ ಅಕ್ಟೋಬರ್ 31ರಂದು ಲೂಥರನ್ನರೂ ಕ್ಯಾಥೊಲಿಕರೂ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಒಂದು ಜಂಟಿ ಒಪ್ಪಿಗೆಗೆ ಸಹಿ ಹಾಕಿದರು. ಅದರ ಒಳಹೊರಗು ಇನ್ನೊಂದು ಲೇಖನಕ್ಕಾಗುವಷ್ಟಿದೆ.

ಉಳಿಯುವ ಪ್ರಶ್ನೆ: ಯಾವಾಗ ಕಾಯಬೇಕು, ಯಾವಾಗ ಹೊರಡಬೇಕು? ಎರಡರ ಸಮತೋಲನ ಅಂದ ಕೂಡಲೇ ನಮಗೆ ತಕ್ಕಡಿ ನೆನಪಾಗುತ್ತದೆ, ಆ ಕಡೆ ಇಷ್ಟು ಈ ಕಡೆ ಇಷ್ಟು. ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಮಾತಿದೆ. ಹದ. ಪಾಕಕ್ಕೆ ಹದ, ಹಿಟ್ಟಿಗೆ ಹದ, ನೆಲಕ್ಕೆ ಹದ.

ಚಳ್ಳಕೆರೆ ಕಡೆ ನಮ್ಮ ಸೋದರಮಾವನಿಗೆ ನಾಲ್ಕು ಎಕರೆ ಹೊಲ. ಶೇಂಗಾ ಹಾಕುತ್ತಾರೆ. ಭಾನುವಾರ ತಪ್ಪದೆ ಸಭೆಗೆ ಹೋಗುವವರು, ಮಳೆಯ ಲೆಕ್ಕ ಮಾತ್ರ ರೋಹಿಣಿ, ಮೃಗಶಿರ, ಆರಿದ್ರಾ ಅಂತಲೇ. ಅವರ ಬಿತ್ತನೆಯ ಕಷ್ಟ ಕೇಳಿದರೆ ನನ್ನ ಪ್ರಶ್ನೆಯೇ ಹೊಲದಲ್ಲಿ ನಿಂತ ಹಾಗಿರುತ್ತದೆ. ಬೀಜದ ಶೇಂಗಾವನ್ನು ಸಿಪ್ಪೆ ಸಮೇತ ಚೀಲದಲ್ಲಿ ಇಟ್ಟಿರುತ್ತಾರೆ. ಸಿಪ್ಪೆಯಲ್ಲಿದ್ದರೆ ಬೀಜ ಕೆಡುವುದಿಲ್ಲ. ಸುಲಿದ ಮೇಲೆ ಜಾಸ್ತಿ ದಿನ ಇಟ್ಟರೆ ಮೊಳಕೆ ಶಕ್ತಿ ಹೋಗುತ್ತದೆ. ಮಳೆ ಬಿದ್ದ ಮೇಲೆ ಸುಲಿಯೋಣ ಎಂದು ಕೂತರೆ, ಸುಲಿದು ಮುಗಿಸುವಷ್ಟರಲ್ಲಿ ನೆಲದ ಹದ ಆರಿರುತ್ತದೆ. ಮೊದಲೇ ಸುಲಿದಿಟ್ಟು ಮಳೆ ಬಾರದಿದ್ದರೆ ಬೀಜವೂ ಹೋಯಿತು, ದುಡ್ಡೂ ಹೋಯಿತು. ಸಣ್ಣ ತುಂತುರಿಗೇ ಆತುರಪಟ್ಟು ಕೂರಿಗೆ ಹೂಡಿದರೆ ಇನ್ನೂ ಕಷ್ಟ, ಮೊಳಕೆ ತಲೆ ಎತ್ತಿ ಒಣಗುತ್ತದೆ.

ಸೌಲ ರಾಜ ಎಡವಿದ್ದು ಈ ಆತುರದಲ್ಲಿ. ಬಲಿ ಅರ್ಪಿಸಬೇಕಿದ್ದ ಪ್ರವಾದಿ ಸಮುವೇಲನಿಗಾಗಿ ಏಳು ದಿನ ಕಾದ. ಜನ ಚದುರತೊಡಗಿದರು, ಫಿಲಿಷ್ಟಿಯರು ಎದುರಿಗಿದ್ದರು. ತಡೆಯಲಾರದೆ ತಾನೇ ಬಲಿ ಅರ್ಪಿಸಿದ. ಅರ್ಪಿಸಿ ಮುಗಿಸುವಷ್ಟರಲ್ಲೇ ಸಮುವೇಲ ಬಂದ. ಅಬ್ರಹಾಮ ಸಾರಳೂ ಹಾಗೇ. ಮಗ ಹುಟ್ಟುತ್ತಾನೆಂಬ ಮಾತಿಗೆ ಕಾದು ಸಾಕಾಗಿ, ದಾಸಿ ಹಾಗರಳ ಮೂಲಕ ತಾವೇ ದಾರಿ ಮಾಡಿಕೊಂಡರು. ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86, ಇಸಾಕ ಹುಟ್ಟಿದಾಗ 100. ಇವರ ಕೆಲಸಗಳಲ್ಲಿ ಒಂದು ಗುರುತು ಕಾಣುತ್ತದೆ. ಕೆಲಸ ಶುರುವಾದದ್ದು ಹೆದರಿಕೆಯಿಂದ, ಮತ್ತು ಅದಕ್ಕಾಗಿ ದೇವರ ಒಂದು ಮಾತನ್ನು ದಾಟಬೇಕಾಯಿತು ಇಲ್ಲವೇ ಇನ್ನೊಬ್ಬ ಮನುಷ್ಯಳನ್ನು ಬಳಸಿಕೊಳ್ಳಬೇಕಾಯಿತು. ಲಂಚ ಕೊಟ್ಟರೆ ಮಾತ್ರ ಆಗುವ ಕೆಲಸ, ಸುಳ್ಳು ಹೇಳಿದರೆ ಮಾತ್ರ ಕೂಡುವ ಸಂಬಂಧ ಎದುರು ಬಂದಾಗ ನಾನು ಈ ಗುರುತನ್ನು ನೆನೆಯುತ್ತೇನೆ. ಅಲ್ಲಿ ಕಾಯುವುದೇ ಕೆಲಸ. ಅದು ಸುಲಭವೂ ಅಲ್ಲ.

ಹದ ತಿಳಿದವನು ನೆಹೆಮೀಯ, ಪರ್ಷಿಯದ ಅರಸನ ಪಾನಸೇವಕನಾಗಿದ್ದ ಯೆಹೂದ್ಯ. ಯೆರೂಸಲೇಮಿನ ಗೋಡೆ ಬಿದ್ದಿದೆ ಎಂಬ ಸುದ್ದಿ ಬಂದದ್ದು ಕಿಸ್ಲೇವ್ ತಿಂಗಳಲ್ಲಿ. ಅವನು ಅರಸನಲ್ಲಿ ಬಾಯಿ ಬಿಟ್ಟದ್ದು ನೀಸಾನ್ ತಿಂಗಳಲ್ಲಿ. ನಾಲ್ಕು ತಿಂಗಳ ಹತ್ತಿರ ಉಪವಾಸ, ಪ್ರಾರ್ಥನೆ. ಆದರೆ ಅರಸ ‘ನಿನಗೇನು ಬೇಕು’ ಎಂದು ಕೇಳಿದ ದಿನ ಅವನ ಹತ್ತಿರ ಎಲ್ಲ ಲೆಕ್ಕವೂ ರೆಡಿ ಇತ್ತು. ಎಷ್ಟು ದಿನದ ರಜೆ, ಯಾವ ಅಧಿಕಾರಿಗಳಿಗೆ ಪತ್ರ, ಮರಮುಟ್ಟು ಯಾರಿಂದ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಉಸಿರಿನಷ್ಟು ಪ್ರಾರ್ಥನೆಯೂ ಆಯಿತು. ಊರಿಗೆ ಬಂದವನು ಯಾರಿಗೂ ಹೇಳದೆ ರಾತ್ರಿ ಹೊತ್ತು ಗೋಡೆ ಸುತ್ತಿ ನೋಡಿದ. ಶತ್ರುಗಳು ಬರುತ್ತಾರೆಂದಾಗ ಬರೆದಿಟ್ಟ ಮಾತು: ದೇವರಿಗೆ ಪ್ರಾರ್ಥಿಸಿದೆವು, ಹಗಲೂ ರಾತ್ರಿ ಕಾವಲೂ ಇಟ್ಟೆವು. ಎರಡೂ ಒಂದೇ ವಾಕ್ಯದಲ್ಲಿ. ಐವತ್ತೆರಡು ದಿನಕ್ಕೆ ಗೋಡೆ ಮುಗಿಯಿತು.

ಎಲ್ಲ ಕತೆಯೂ ಐವತ್ತೆರಡು ದಿನಕ್ಕೆ ಮುಗಿಯುವುದಿಲ್ಲ ಎಂಬುದೂ ಗೊತ್ತು. ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಕಟ್ಟಿ ಮುಗಿದದ್ದು 1907ರಲ್ಲಿ. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬೀಳಲು 2022ರ ತನಕ ಕಾಯಬೇಕಾಯಿತು. ಕಟ್ಟಿದ ಕೈಗಳಲ್ಲಿ ಎಷ್ಟೋ ಆ ಮೊದಲ ಕೋಡಿಯನ್ನೂ ನೋಡಿರಲಾರವು. ಪ್ರಾರ್ಥನೆಯೂ ಮಾಡಿ, ದುಡಿದೂ, ಕೈಗೂಡದೆ ಹೋದವರು ನಮ್ಮ ಸಭೆಗಳಲ್ಲಿದ್ದಾರೆ. ಅವರಿಗೆ ‘ನಿಮ್ಮ ನಂಬಿಕೆ ಕಡಿಮೆಯಾಯಿತು’ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ನಂಬಿಕೆಯ ದೊಡ್ಡವರನ್ನೆಲ್ಲ ಹೆಸರಿಸಿ, ಕೊನೆಗೆ ಇವರಾರಿಗೂ ವಾಗ್ದಾನ ಮಾಡಿದ್ದು ಸಿಗಲಿಲ್ಲ ಅನ್ನುತ್ತದೆ. ಅವರ ನಂಬಿಕೆ ಸಾಲದು ಎಂದು ಅಲ್ಲಿ ಬರೆದಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಆರಿದ್ರಾ ಮಳೆ ಹುಟ್ಟಿ ಮೂರು ದಿನ. ನಿನ್ನೆ ಸಂಜೆ ಮಾವನಿಗೆ ಫೋನ್ ಮಾಡಿದ್ದೆ. ಹಿಂದೆ ಯಾರೋ ಹೆಂಗಸರು ಮಾತಾಡುತ್ತಾ ಶೇಂಗಾ ಸುಲಿಯುವ ಚಟಚಟ ಸದ್ದು ಕೇಳುತ್ತಿತ್ತು.

‘ಮಳೆ ಬಂತಾ ಮಾವ?’

‘ಎಲ್ಲಿ ಬಂತು ಅಳಿಯಾ. ಮೋಡ ಆಗೈತೆ.’

‘ಮತ್ತೆ ಸುಲೀತಿದೀರಲ್ಲ?’

‘ಒಂದು ಚೀಲ ಸುಲಿಸ್ತಿದೀನಿ. ಉಳಿದ ನಾಲ್ಕು ಹಂಗೇ ಇಟ್ಟಿದೀನಿ. ಪ್ರೇಯರ್ ಮಾಡು, ಕೂರಿಗೆ ರಿಪೇರಿಗೆ ಹೋಗ್ಬೇಕು’ ಎಂದು ಫೋನ್ ಇಟ್ಟರು.